ಮನೆತನದ ಹೆಸರು

ವಿ.ವಿ. ರಸ್ತೆಯ ಸೈಬರ್ ಅಂಗಡಿ.
ಕರೆಂಟು ಎರಡು ಸಲ ಹೋಗಿ ಬಂತು.
ರಾಟರ್‌ಡ್ಯಾಮಿನ ಅರ್ಜಿ ತುಂಬುತ್ತಿದ್ದೇನೆ,
ಪಕ್ಕದ ಸ್ಟೂಲಿನಲ್ಲಿ ಚಿಕ್ಕತಾಯಮ್ಮ,
ಮಡಿಲಲ್ಲಿ ಅಚ್ಚುಬೆಲ್ಲದ ಪೊಟ್ಟಣ,
ಸಾಕ್ಷಿ ಹೇಳಲು ಬಂದಂತೆ.

ಬಂಡವಾಳ?
‘ಗಾಣ, ಕೊಪ್ಪರಿಗೆ, ಎರಡೆಕರೆ ಕಬ್ಬು.’
ಯೂರೋದಲ್ಲಿ ಹೇಳಬೇಕಂತಮ್ಮ.
ಬೆರಳು ಮಡಿಸಿದಳು, ಬಿಚ್ಚಿದಳು,
‘ನೀನೇ ಏನಾರ ಹಾಕು.’

ಮನೆತನದ ಹೆಸರು?
ಕೆಂಪು ಚುಕ್ಕಿ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗದು.
‘ಹೆಸ್ರು ಮುಂದೆ ಕೆ ಅಂತ ಒಂದದೆ ಕನಪ್ಪ,
ಕೀಲಾರ. ಊರು.’
ಒತ್ತಿದೆ. ಒಪ್ಪಿಕೊಂಡಿತು.

ಹದಿನೇಳನೇ ದಿನ ಉತ್ತರ:
‘ಮಾನ್ಯ ಶ್ರೀಮತಿ ಕೀಲಾರ ಅವರೇ,
ನಿಮ್ಮ ಕಂಪನಿ ನೋಂದಣಿಯಾಗಿದೆ.’

ಇನ್ನೊಂದು ಸಲ ಓದಿಸಿದಳು.
‘ನನ್ ಹೆಸ್ರೇ ಇಲ್ವಲ್ಲೋ!’

ಆಮೇಲೆ ಪೊಟ್ಟಣ ಬಿಚ್ಚಿ
ಒಂದಚ್ಚು ನನ್ನ ಕೀಬೋರ್ಡಿನ ಮೇಲಿಟ್ಟು,
‘ಊರ್ಗೇ ಬರ್ದವ್ರೆ ಬುಡು,
ತೆರಿಗೆನೂ ಊರೇ ಕಟ್ಲಿ.’