ತಾಗದ ನಳಿಗೆ

ನಿಜ್ವಾ ಸೂಕಿನ ಹಿಂದಿನ ಓಣಿ.
ಮುದುಕ ಖಲ್ಫಾನ್ ದುರ್ಬೀನು ಕೇಳಲಿಲ್ಲ, ಬೆಲೆ ಕೇಳಲಿಲ್ಲ.
ಕಣ್ಣು ಮುಚ್ಚಿ ಬೋಲ್ಟು ಎಳೆದ, ತಳ್ಳಿದ,
ಮತ್ತೆ ಎಳೆದ.
ಮೂರು ಕೋವಿಯಲ್ಲೂ ಮರಳು ಕಚ್ಚಿದ ಸದ್ದು.
ಬೇಡ.

ನಾಲ್ಕನೆಯದು ಹಳತು, ಅಕ್ರೋಟು ಮರದ ಹಿಡಿ ಸವೆದದ್ದು.
ಜೇಬಿನಿಂದ ಒಂದು ರಿಯಾಲ್ ನೋಟು ತೆಗೆದು
ನಳಿಗೆಗೂ ಮರಕ್ಕೂ ನಡುವೆ ತೂರಿಸಿದ;
ತುದಿಯಿಂದ ಬುಡದವರೆಗೆ ಜಾರಿತು, ಎಲ್ಲೂ ತಡೆಯದೆ.
"ಯಾವುದಕ್ಕೂ ತಾಗದ ನಳಿಗೆ
ಸುಳ್ಳು ಹೇಳದು, ಮುನವ್ವರ್."

ಎಣ್ಣೆಬಟ್ಟೆ ಹಿಡಿದು ತಲೆಯಾಡಿಸಿದೆ.
ಒಂಬತ್ತು ವರ್ಷ ಒರೆಸಿದ್ದೇನೆ,
ಒಂದು ಗುಂಡೂ ಹಾರಿಸಿಲ್ಲ.

ಆ ನೋಟನ್ನೇ ನನ್ನ ಕೈಗಿಟ್ಟು ಹೋದ, ಚಹಾಕ್ಕೆಂದು.
ಗಂಗೊಳ್ಳಿಗೆ ಹೊರಟರೆ ಅದು
ಏಜೆಂಟು, ಬ್ಯಾಂಕು, ಭಾವನ ಕೈಸಾಲ,
ಎಲ್ಲೆಲ್ಲಿ ತಾಗುತ್ತದೋ!
ಹೊಸ್ತಿಲು ಮುಟ್ಟುವಷ್ಟರಲ್ಲಿ
ಗುರಿಗಿಂತ ಒಂದು ಗೇಣು ಆಚೆ.