ಮೂಗಿನ ನೇರಕ್ಕೆ

ದೊಡ್ಡಪ್ಪ ಹಾಗ್‌ಬಾರ್ಟ್ ಮೀನು ವಿಂಗಡಿಸುವವನು.
ಲೊಫೋಟೆನ್ನಿನ ಗಾಳಿಯಲ್ಲಿ ಮೂರು ತಿಂಗಳು
ತಲೆಯಿಲ್ಲದೆ, ಬಾಲಕ್ಕೆ ಬಾಲ ಕಟ್ಟಿಸಿಕೊಂಡು ತೂಗಿ
ಕಟ್ಟಿಗೆಯಾದ ಕಾಡ್ ಮೀನು
ಜೂನ್ ಹೊತ್ತಿಗೆ ಅವನ ಮೇಜಿಗೆ ಬರುತ್ತಿತ್ತು.
ಒಂದಕ್ಕೆ ನಾಲ್ಕೇ ಸೆಕೆಂಡು:
ಬೆನ್ನಿಗೆ ಹೆಬ್ಬೆರಳು, ಕತ್ತಿನ ಬಳಿ ಮೂಗು,
ಬೆಳಕಿಗೆ ಹಿಡಿದು ಹೊಟ್ಟೆಯೊಳಗೊಂದು ಇಣುಕು,
ಆಮೇಲೆ ಎಸೆತ.
ಇಪ್ಪತ್ತು ರಾಶಿ, ಇಪ್ಪತ್ತು ದರ.

ಹದಿನಾರರ ನಾನು ನೋಟ್‌ಬುಕ್ ಹಿಡಿದು
"ನಿಯಮ ಹೇಳು, ಬರೆದುಕೊಳ್ಳುತ್ತೇನೆ" ಅಂದೆ.
ಕಸಿದುಕೊಂಡು ಕಿಟಕಿಯ ಸಂದಿಗೆ ತುರುಕಿದ.
ಅಲ್ಲಿಂದ ಗಾಳಿ ಬರುತ್ತಿತ್ತು.
"ಮೊದಲು ಹತ್ತು ಸಾವಿರ ಮೀನು ಮುಟ್ಟು, ಗುನ್‌ವೋರ್."

ಮೇಲಿನ ರಾಶಿ ಇಟಲಿಗೆ.
ಬಾಗಿದ್ದು, ಸೀಳಿದ್ದು, ಮಂಜು ಕಚ್ಚಿದ್ದು
ನೈಜೀರಿಯಾಕ್ಕೆ.
ಅಬಾ ಪೇಟೆಯಿಂದ ನ್ವಾಕಾಯೆಗೊ ಫೋನು ಮಾಡುವಳು.
ಹಣಕ್ಕಿಂತ ಮಗು ದೊಡ್ಡದು ಅಂತ ಆ ಹೆಸರಿನ ಅರ್ಥವಂತೆ;
ಚೌಕಾಸಿಯಲ್ಲಿ ಮಾತ್ರ ಬಿಡಿಗಾಸೂ ಬಿಡಳು.
"ಮಂಜು ಕಚ್ಚಿದ್ದನ್ನೇ ಕೊಡು, ಬೇಡ ಅನ್ನೆ.
ಮಂಜು ಕಚ್ಚಿದ್ದು ಅಂತ ಹೇಳಿ ಕೊಡು.
ನನ್ನಲ್ಲಿ ಅಂಗೈಯಗಲದ ತುಂಡು ಕೊಳ್ಳುವವರಿಗೆ
ರಾತ್ರಿ ಸಾರಿಗೆ ಹಾಕಿದ ಮೇಲೆ ಗೊತ್ತಾದರೆ
ವಾಪಸ್ಸು ತರಲು ಬಸ್ ಚಾರ್ಜಿರುವುದಿಲ್ಲ."

ಫೋನಿಟ್ಟು ದೊಡ್ಡಪ್ಪ ಅಂದ:
"ಅವಳ ಮೂಗು ಇಲ್ಲಿಲ್ಲ.
ಅದಕ್ಕೇ ನನ್ನದಕ್ಕೆ ಸಂಬಳ."

ಆ ವರ್ಷ ಮಾರ್ಚಿನಲ್ಲಿ, ಹೋದ ಹಿಮ ತಿರುಗಿ ಬಂತು.
ಅಪ್ಪನ ಅಟ್ಟಣೆಯ ಮೀನು ಹೊರಗೆ ಹೊಂಬಣ್ಣ,
ಒಳಗೆ ಸ್ಪಂಜು.
ದೋಣಿಯ ಎಂಜಿನ್ನು ಸತ್ತು ಕೂತಿತ್ತು.
ನೋಟಕ್ಕೆ ಇಟಲಿಯವನೂ ಮೋಸಹೋಗುತ್ತಿದ್ದ.
ಮೇಜಿನಾಚೆ ಅಪ್ಪ, ಕೈಯಲ್ಲಿ ಟೊಪ್ಪಿ.
ಈಚೆ ಅವನ ಅಣ್ಣ.
ನಡುವೆ ನಾನು, ಮೀನು ಎತ್ತಿಕೊಡುವವಳು.

ಮೊದಲನೆಯದನ್ನು ಮುಟ್ಟಿದ. ಮೂಸಿದ.
ನಾಲ್ಕು ಸೆಕೆಂಡು ಏಳಾಯಿತು, ಎಣಿಸಿದ್ದೇನೆ.
ಕೆಳಗಿನ ರಾಶಿಗೆ ಎಸೆದ.
ಎರಡನೆಯದು. ಮೂರನೆಯದು.
ಇನ್ನೂರರ ಹೊತ್ತಿಗೆ ಅಪ್ಪ ಅಲ್ಲಿರಲಿಲ್ಲ.

"ತನ್ನ ಮೂಗಿನ ನೇರಕ್ಕೇ ನಡೆಯುವವನು,"
ಊಟಕ್ಕೆ ಕೂತು ಅಂದ ಅಪ್ಪ, ಆಲೂಗಡ್ಡೆ ಕಿವುಚುತ್ತ.
ಎರಡು ಚಳಿಗಾಲ ಅಣ್ಣತಮ್ಮಂದಿರಿಗೆ ಮಾತಿಲ್ಲ.
ಅಮ್ಮ ಮಾತ್ರ ಜಾಮಿನ ಬಾಟಲಿ
ಆ ಮನೆಗೂ ಈ ಮನೆಗೂ ಹೊರುತ್ತಿದ್ದಳು.
ಅಪ್ಪ ಕಂಡವರ ದೋಣಿಯಲ್ಲಿ ಕೂಲಿಗೆ ನಿಂತ.

ಅದು ಧರ್ಮವೋ, ಹಠವೋ?
ಬಹಳ ದಿನ ಹಠವೆಂದೇ ನಂಬಿದ್ದೆ.
ಆ ಕೂಲಿಯ ಕೈಗಳನ್ನು ನೋಡಿದ್ದೇನೆ,
ಆದ್ದರಿಂದ ಈಗಲೂ ಪೂರ್ತಿ ಬಿಟ್ಟಿಲ್ಲ.
ಕೇಳಿದ್ದಕ್ಕೆ ದೊಡ್ಡಪ್ಪ ಅಂದದ್ದು ಇಷ್ಟೇ:
"ನಾನೇನೂ ಯೋಚಿಸಲಿಲ್ಲ ಕಣೇ.
ಆ ಏಳು ಸೆಕೆಂಡು
ಕೈ ಒಂದು ಸುಳ್ಳಿಗಾಗಿ ತಡಕಾಡಿತು.
ಸಿಗಲಿಲ್ಲ.
ನಲವತ್ತು ವರ್ಷ ಅಭ್ಯಾಸ ಮಾಡಿಸಿರಲಿಲ್ಲವಲ್ಲ."

ಈಗ ಆ ಮೇಜು ನನ್ನದು.
ಕಂಪನಿಯವರು ಕ್ಯಾಮೆರಾ ತಂದಿದ್ದಾರೆ.
ಬಣ್ಣ, ಉದ್ದ, ಬಾಗು ಚೆನ್ನಾಗಿ ಅಳೆಯುತ್ತದೆ;
ಅದಕ್ಕೆ ತಮ್ಮನಿಲ್ಲ, ಅದೊಂದು ಅನುಕೂಲ.
ಲೆಕ್ಕದ ಹುಡುಗ ಕೇಳುತ್ತಾನೆ:
ಒಂದೇ ಒಂದು ರಾಶಿ ಮೇಲಕ್ಕೆ ಸರಿಸಿದರೆ
ಎಷ್ಟು ಉಳಿಯುತ್ತದೆ ಗೊತ್ತೆ?
ಗೊತ್ತಪ್ಪ. ಯಾರದ್ದು ಉಳಿಯುತ್ತದೆ ಅಂತಲೂ.

ನ್ವಾಕಾಯೆಗೊಗೆ ವಯಸ್ಸಾಗಿದೆ; ಈಗ ವ್ಯಾಪಾರಕ್ಕಲ್ಲ,
ಸುಮ್ಮನೆ ಫೋನು ಮಾಡುತ್ತಾಳೆ.
ಮೊನ್ನೆ "ಇರು" ಅಂದು ಒಲೆಯ ಬಳಿ ಹಿಡಿದಳು.
ಇನ್ನೂ ನೆನೆಯದ ಮೀನು
ಕುದಿಯುವ ಪಾತ್ರೆಗೆ ಬಡಿಯುತ್ತಿತ್ತು, ಟಕ್, ಟಕ್,
ಬಾಗಿಲಲ್ಲಿ ಯಾರೋ ನಿಂತ ಹಾಗೆ.
ಹಿಂದೆ ಮಕ್ಕಳು ಜಗಳವಾಡುತ್ತಿದ್ದವು
ಮೊದಲ ತಟ್ಟೆಗೆ.