ನೆಲವೇ ಬಿದ್ದರೆ

ತಿಂಗಳ ಕೊನೆಯ ಶನಿವಾರ.
ಇನ್ನೂ ಮೂರು ವಾರಂಟಿ ಮಾರಬೇಕು ನಾನು.
ಮಾರದಿದ್ದರೆ ಕಮಿಷನ್ ಇಲ್ಲ, ಕಮಿಷನ್ ಇಲ್ಲದೆ
ಹಲ್ಲಿನ ಡಾಕ್ಟರ್ ಇಲ್ಲ. ಎಡದವಡೆ
ಬೆಳಗಿನಿಂದ ನಗಾರಿ ಬಾರಿಸುತ್ತಿದೆ.

ಆಕೆ ಬಂದರು. ದೋನ್ಯಾ ಎದುವಿಹಿಸ್ ಕಾರ್ಕಮೊ.
ಕನ್ಸೆಪ್ಸಿಯೋನ್ ಪೇಟೆಯ ನೋಟರಿ ಕಚೇರಿಯಲ್ಲಿ
ಮೂವತ್ತನಾಲ್ಕು ವರ್ಷ ಪರರ ಪತ್ರ ಓದಿದವರು.
ಹೆಸರಿನ ಬೆನ್ನಿಗೇ ಅದನ್ನೂ ಹೇಳಿದರು,
ಎಚ್ಚರಿಕೆ ಕೊಟ್ಟ ಹಾಗೆ.

ಲ್ಯಾಪ್‌ಟಾಪ್ ಆರಿಸಲು ಏಳೇ ನಿಮಿಷ.
"ಅಕ್ಷರ ದೊಡ್ಡದಾಗಿ ಕಾಣಬೇಕು, ಕೀಲಿ ಒತ್ತಿದರೆ ಸದ್ದಾಗಬೇಕು.
ಏಪ್ರಿಲ್ ಬಂತೆಂದರೆ ನಮ್ಮ ಬೀದಿಯವರ ತೆರಿಗೆಯೆಲ್ಲ
ನನ್ನ ಊಟದ ಮೇಜಿನ ಮೇಲೇ ತುಂಬುವುದು."

ವಾರಂಟಿಗೆ ಹಿಡಿದದ್ದು ಮುಕ್ಕಾಲು ಗಂಟೆ.

ಕಂಪನಿಯದು ಒಂದು ವರ್ಷ, ಪುಕ್ಕಟೆ.
ಮೇಲೆರಡು ವರ್ಷ ಬೇಕೆಂದರೆ
ಎಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತು ಪೆಸೊ.
"ಆ ಹತ್ತು ಪೆಸೊ ಯಾಕೆ ಬಿಟ್ಟಿರಿ?"
ನಗಲಿಲ್ಲ. ಕನ್ನಡಕ ಬದಲಾಯಿಸಿ
ಇರುವೆ ಸಾಲಿನ ಮೇಲೆ ಬೆರಳಿಟ್ಟರು.

ಕಾಫಿ ಚೆಲ್ಲಿದರೆ?
ಉಂಟು.
ವೈನ್?
ಉಂಟು. ಕೆಂಪಾದರೂ, ಬಿಳಿಯಾದರೂ.
ಮೋತೆ ಉಚ್ಚೆ ಹೊಯ್ದರೆ?
ಮೋತೆ ಅಂದರೆ?
ಬೆಕ್ಕು. ಹದಿನಾರು ವರ್ಷ. ಬೆಚ್ಚಗಿರುವುದೆಲ್ಲ ತನ್ನದೆಂದು ತಿಳಿದಿದೆ.
ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದೆ.
ದ್ರವ ಎಂದರೆ ದ್ರವವೇ ಅಂತೆ. ಉಂಟು.

ಕೈಜಾರಿ ನೆಲಕ್ಕೆ ಬಿದ್ದರೆ?
ಉಂಟು, ವರ್ಷಕ್ಕೊಂದು ಸಲ.
ನೆಲವೇ ಬಿದ್ದರೆ?

ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಬೆರಳು
ಒಂಬತ್ತನೇ ಕಲಮಿಗೆ ತಲುಪಿಯಾಗಿತ್ತು.
ಭೂಕಂಪ, ಸುನಾಮಿ, ಜ್ವಾಲಾಮುಖಿ, ದಂಗೆ.
ಇವಿಷ್ಟಕ್ಕೂ ಇಲ್ಲ.
"ಹಾಗಾದರೆ ನಮ್ಮೂರೊಂದನ್ನು ಬಿಟ್ಟು
ಮಿಕ್ಕೆಲ್ಲ ಊರಿಗೂ ಬರೆದ ಪತ್ರ ಇದು."
ಕೈಚೀಲದಿಂದ ಪೆನ್ಸಿಲ್ ತೆಗೆದು ಅಡಿಗೆರೆ ಎಳೆದರು,
ನೇರ, ಅಳತೆಪಟ್ಟಿ ಇಟ್ಟಂತೆ.

"ಎರಡು ಸಾವಿರದ ಹತ್ತು, ಆ ರಾತ್ರಿ
ನನ್ನ ಫ್ರಿಜ್ಜು ಅಡುಗೆಮನೆ ದಾಟಿ
ಬೀದಿಬಾಗಿಲ ತನಕ ನಡೆದು ಬಂದಿತ್ತು,
ನನ್ನನ್ನು ಕಳಿಸಿಕೊಡುವುದಕ್ಕೋ ಎಂಬಂತೆ.
ಅದರ ವಾರಂಟಿ ಇನ್ನೂ ಹನ್ನೊಂದು ತಿಂಗಳಿತ್ತು.
ಇಂಥದೇ ಕಲಮು ತೋರಿಸಿ ಕಳಿಸಿದರು."
ಆಮೇಲೆ?
"ಆಮೇಲೇನು, ಪ್ಲಗ್ ಹಾಕಿದೆ. ಇವತ್ತಿಗೂ ಓಡುತ್ತಿದೆ."

ಆಗಲೇ ಬಂತು.
ದೊಡ್ಡದೇನಲ್ಲ. ಗೋಡೆಯ ಹದಿನಾಲ್ಕು ಟೀವಿಯಲ್ಲೂ
ಒಂದೇ ಅಡುಗೆಯವಳು ಒಂದೇ ಈರುಳ್ಳಿ ಹೆಚ್ಚುತ್ತ
ಒಟ್ಟಿಗೆ ನಡುಗಿದಳು.
ಯಾರೂ ಓಡಲಿಲ್ಲ. ಇಷ್ಟಕ್ಕೆಲ್ಲ ಓಡಿದರೆ
ಈ ಊರಲ್ಲಿ ಚಪ್ಪಲಿ ಬಾಳುವುದಿಲ್ಲ.

ನಿಂತ ಮೇಲೆ ನೋಡಿದೆ:
ಅವರ ಅಂಗೈ, ಇನ್ನೂ ದುಡ್ಡು ಕೊಡದ
ಡಬ್ಬದ ಮೇಲೆ. ನನ್ನದು,
ಸುತ್ತ ಇಷ್ಟೊಂದು ಗಾಜಿದ್ದರೂ,
ನನ್ನ ಎಡದವಡೆಯ ಮೇಲೆ.

"ಹಲ್ಲಾ?"
ಹೂಂ.
"ಯಾವಾಗಿನಿಂದ?"
ಆಗಸ್ಟಿನಿಂದ.
"ಒಂದು ವಾರಂಟಿ ಮಾರಿದರೆ ನಿಮಗೆಷ್ಟು?"
ಹೇಳಬಾರದು. ಹೇಳಿದೆ: ಏಳು ಸಾವಿರ.
ಅಂಚಿನಲ್ಲಿ ಕೂಡಿಸಿದರು, ಕಳೆದರು,
ಒಂದು ಕ್ಷಣ ಪೆನ್ಸಿಲ್ ತುದಿ ಕಚ್ಚಿದರು.
ಕೊಡುತ್ತಾರೆ ಎಂದುಕೊಂಡೆ.

"ನಿಮಗೆ ಏಳು ಸಿಗಲೆಂದು ನಾನು ತೊಂಬತ್ತು ಕೊಡುವುದು
ಲೆಕ್ಕಕ್ಕೆ ಬರುವುದಿಲ್ಲ, ನಿಬಾಲ್ದೊ."
ಎದೆಯ ಮೇಲಿನ ಹೆಸರನ್ನು ಅವರು
ಅದೂ ಒಂದು ಕಲಮೆಂಬಂತೆ ಓದಿದರು.

ಲ್ಯಾಪ್‌ಟಾಪಿನ ಹಣ ಎಣಿಸಿಟ್ಟರು.
ಸಂತೆಚೀಲದ ತಳದಲ್ಲಿ ತಡಕಾಡಿ
ಕಾಗದದ ಪೊಟ್ಟಣದಿಂದ ಮೂರು ಲವಂಗ
ನನ್ನ ಕೌಂಟರಿನ ಮೇಲೆ ಸಾಲಾಗಿ ಇಟ್ಟರು.
"ಕಚ್ಚಿ ಹಿಡಿಯಿರಿ. ಸೋಮವಾರದ ತನಕ ಬಂದೀತು.
ಅದರಾಚೆಗೆ ನಾನು ಜವಾಬ್ದಾರಳಲ್ಲ."

ಈಗ ನಾಲಿಗೆಯ ಅರ್ಧ ಜೋಮು ಹಿಡಿದಿದೆ.
ಹೊಸ ಗಿರಾಕಿ, ಕಾಲೇಜಿನ ಹುಡುಗ, ಎದುರು ನಿಂತಿದ್ದಾನೆ.
ಕಾಫಿ ಉಂಟು, ವೈನ್ ಉಂಟು ಎನ್ನುತ್ತಾ
ಹಾಳೆಯ ಮೇಲಿನ ಆ ಗೆರೆ ಒರೆಸಲು
ಖಾನೆ ಖಾನೆ ತಡಕುತ್ತಿದ್ದೇನೆ.
ಈ ಅಂಗಡಿಯಲ್ಲಿ ಏನೆಲ್ಲ ಇದೆ,
ಒಂದು ರಬ್ಬರ್ ಇಲ್ಲ.